ಕಣ್ಣಿಗೆ ತಂಪು ಬೇಕು, ಹೆಪ್ಪು ಬೇಡ

ದೂರದ ಮಕ್ಕಳು ಬರಲೆಂದು ನಾವು ಮೃತರನ್ನು ಫ್ರೀಜರ್ ಪೆಟ್ಟಿಗೆಯಲ್ಲಿ ಇರಿಸಿ ಕಾಯುತ್ತೇವೆ. ದಾನದ ಕಣ್ಣು ಅಷ್ಟು ಹೊತ್ತು ಕಾಯದು. ಕಾರ್ನಿಯಾದ ಒಳಪದರದ ಜೀವಕೋಶಗಳು ನೀರನ್ನು ಹೊರಹಾಕಿ ಅದನ್ನು ತಿಳಿಯಾಗಿಡುತ್ತವೆ. ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಅವನ್ನು ಸೀಳುತ್ತವೆ. ಸತ್ತ ಕೋಶಗಳ ಜಾಗದಲ್ಲಿ ಹೊಸವು ಹುಟ್ಟುವುದಿಲ್ಲ. ಆದ್ದರಿಂದಲೇ ನೇತ್ರಬ್ಯಾಂಕು ಕಾರ್ನಿಯಾವನ್ನು ಪೋಷಕ ದ್ರವದಲ್ಲಿ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡುತ್ತದೆ. 1974ರಲ್ಲಿ ಬಂದ ಎಂ.ಕೆ. ದ್ರವದಲ್ಲಿ ಅದು ಸುಮಾರು 4 ದಿನ, ನಂತರ ಬಂದ ಕೆಲವು ದ್ರವಗಳಲ್ಲಿ 14 ದಿನದವರೆಗೆ ಬಾಳುತ್ತದೆ.

ಮರಣದ 6 ಗಂಟೆಯೊಳಗೆ ಕಣ್ಣನ್ನು ಪಡೆಯಬೇಕು. ಕೂಡಲೇ ನೇತ್ರಬ್ಯಾಂಕಿಗೆ ಕರೆ ಮಾಡೋಣ. ಅವರು ಬರುವ ತನಕ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿಯಿಟ್ಟು, ಫ್ಯಾನ್ ನಿಲ್ಲಿಸಿ, ತಲೆಗೆ ದಿಂಬು ಕೊಡೋಣ. ಮುಖ ವಿಕಾರವಾಗುವುದಿಲ್ಲ, ತಡವಾಗಿ ಬರುವ ಮಕ್ಕಳೂ ಅದೇ ಮುಖವನ್ನು ಕಾಣುವರು.