ನಡು ಬಾಗಿ, ಕತ್ತು ಎತ್ತಿ

ಭತ್ತದ ನಾಟಿ ಹಿಂದಕ್ಕೆ ಸರಿಯುತ್ತ ಮಾಡುವ ಕೆಲಸ. ಎಡಗೈಯಲ್ಲಿ ಸಸಿಯ ಕಟ್ಟು, ಬಲಗೈ ಕೆಸರಿನಲ್ಲಿ, ಮೈ ಸೊಂಟದಿಂದಲೇ ಬಾಗಿರುತ್ತದೆ. ಮಂಡ್ಯದ ನಾಲೆ ಬಯಲಿರಲಿ, ಗಂಗಾವತಿಯ ಗದ್ದೆಗಳಿರಲಿ, ಇದು ಬಹುಪಾಲು ಹೆಂಗಸರ ದುಡಿಮೆ. ಸಂಜೆ ಬದುವಿಗೆ ಬಂದವರು ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನೆಟ್ಟಗಾಗುತ್ತಾರೆ. ವಯಸ್ಸಿನ ನೋವು ಎಂದು ಇದನ್ನು ತಳ್ಳಿಹಾಕುವುದು ರೂಢಿ. ಮೂವತ್ತು ದಾಟದವರನ್ನೂ ಅದು ಬಿಡುವುದಿಲ್ಲ. ಕಾರಣ ಇರುವುದು ಕೆಲಸದ ಭಂಗಿಯಲ್ಲಿ.

ನೆಟ್ಟಗೆ ನಿಂತವರಿಗಿಂತ ಮುಂದಕ್ಕೆ ಬಾಗಿದವರ ಕೆಳಬೆನ್ನಿನ ಮೂಳೆಗಳ ನಡುವಿನ ಡಿಸ್ಕಿನ ಮೇಲೆ ಸುಮಾರು ಒಂದೂವರೆ ಪಟ್ಟು ಒತ್ತಡ ಬೀಳುತ್ತದೆ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಡಿಸ್ಕಿನೊಳಗೇ ಸೂಜಿ ಇಳಿಸಿ ಈ ಒತ್ತಡವನ್ನು ಅಳೆದರು. ಪೂರ್ತಿ ಬಾಗಿದಾಗ ಬೆನ್ನಿನ ಸ್ನಾಯುಗಳು ಸಡಿಲಗೊಂಡು ಭಾರವೆಲ್ಲ ಅಸ್ಥಿರಜ್ಜುಗಳ ಪಾಲಾಗುತ್ತದೆ. ಗಂಟೆಗಟ್ಟಲೆ ಎಳೆಸಿಕೊಂಡ ರಜ್ಜು ಕೂಡಲೇ ಮೊದಲಿನ ಬಿಗಿಗೆ ಮರಳುವುದಿಲ್ಲ. ನಾಟಿ ಮುಗಿದ ಬೆನ್ನಿಗೇ ಗೊಬ್ಬರದ ಚೀಲ ಎತ್ತಿದರೆ ಸೊಂಟ ಹಿಡಿದುಕೊಳ್ಳುವ ಸಂಭವ ಅದಕ್ಕೇ ಹೆಚ್ಚು.

ಕತ್ತಿನ ಕಥೆ ಇದಕ್ಕೆ ತದ್ವಿರುದ್ಧ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳಲ್ಲಿ ಮರ ಹತ್ತುವ ಕೊನೆಗೌಡರು ವಿರಳವಾಗುತ್ತಿದ್ದಂತೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ಒಂದರೊಳಗೊಂದು ಸೇರುವ ಕೊಳವೆಗಳು 60 ಅಡಿಯವರೆಗೂ ಚಾಚುತ್ತವೆ. ತುದಿಗೆ ಕತ್ತಿ ಕಟ್ಟಿದರೆ ಕೊಯ್ಲು, ನಾಜಲ್ ಕಟ್ಟಿದರೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ. ಮರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಳ್ಳುವ ಭಯವನ್ನು ದೂರ ಮಾಡಿದ ಈ ಸಲಕರಣೆಯನ್ನು ಎಷ್ಟು ಮೆಚ್ಚಿದರೂ ಕಡಿಮೆಯೇ. ಆದರೆ ಕೊನೆಗೌಡನಿಗೆ ಕೊನೆ, ಅಂದರೆ ಅಡಿಕೆಯ ಗೊನೆ, ಕಣ್ಣೆದುರಿಗೇ ಇರುತ್ತಿತ್ತು. ದೋಟಿ ಹಿಡಿದವನಿಗೆ ಅದು ನೆತ್ತಿಯ ಮೇಲೆ. ಗದ್ದ ಮೇಲೆತ್ತಿ, ತೂಗಾಡುವ ತುದಿಯನ್ನು ಸೋಗೆಗಳ ಸಂದಿನಲ್ಲಿ ಗುರಿಗೆ ತರಬೇಕು. ಸಿಂಪಡಣೆಯಾದರೆ ದ್ರಾವಣದ ಹನಿ ಮುಖಕ್ಕೇ. ಐದು ಕಿಲೋದಷ್ಟು ತೂಗುವ ತಲೆ ಹಿಂದಕ್ಕೆ ವಾಲಿದಾಗ ಕತ್ತಿನ ಮೂಳೆಗಳ ಹಿಂಬದಿಯ ಸಣ್ಣ ಕೀಲುಗಳು ಒತ್ತಿಕೊಳ್ಳುತ್ತವೆ, ನರ ಹೊರಬರುವ ಕಿಂಡಿ ಕಿರಿದಾಗುತ್ತದೆ. ಭುಜದಿಂದ ಬೆರಳ ತುದಿಯವರೆಗೆ ಜುಮ್ಮೆಂದರೆ ನರಕ್ಕೆ ಒತ್ತಡ ತಗುಲಿರಬಹುದು. ಬುಡದಿಂದ ದೂರ ಸರಿದರೆ ಕತ್ತಿಗೆ ಹಗುರ, ಓರೆಯಾದ ದೋಟಿಯ ಭಾರ ಮಾತ್ರ ರಟ್ಟೆಗೆ. ಇಬ್ಬರು ಸರದಿಯಲ್ಲಿ ಹಿಡಿಯುವುದೇ ಸದ್ಯಕ್ಕೆ ಒಳ್ಳೆಯ ಉಪಾಯ.

ಸಲಕರಣೆಯೇ ನೋವಿನ ಮೂಲ ಎಂದು ಕಾನೂನು ಒಪ್ಪಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಲೆಟ್ಯೂಸ್ ಹೊಲಗಳಲ್ಲಿ ಕೂಲಿಗಳು ಗಿಡ್ಡ ಹಿಡಿಯ ಗುದ್ದಲಿ ಹಿಡಿದು ದಿನವಿಡೀ ಬಾಗಿ ದುಡಿಯುತ್ತಿದ್ದರು. ಉದ್ದ ಹಿಡಿಯಾದರೆ ಬೆಳೆ ಕೆಡುತ್ತದೆ ಎಂಬುದು ಮಾಲೀಕರ ವಾದ. ಕೆಟ್ಟುಹೋದ ಸಲಕರಣೆ ಮಾತ್ರ ಅಪಾಯಕಾರಿ ಎಂದು ಸುರಕ್ಷತಾ ಇಲಾಖೆಯೂ ಕೈತೊಳೆದುಕೊಂಡಿತ್ತು. ಬಳಸುತ್ತ ಬಳಸುತ್ತ ಮೈ ಕೆಡಿಸುವುದೂ ಅಪಾಯಕಾರಿಯೇ ಎಂದು ಆ ರಾಜ್ಯದ ಸುಪ್ರೀಂ ಕೋರ್ಟ್ 1975ರಲ್ಲಿ ಹೇಳಿತು. ಅದೇ ವರ್ಷ ಆ ಗುದ್ದಲಿಗೆ ನಿಷೇಧ ಬಿತ್ತು. ಉದ್ದ ಹಿಡಿ ಬಂದ ಮೇಲೂ ಲೆಟ್ಯೂಸ್ ಬೆಳೆಯುತ್ತಲೇ ಇದೆ.

ನಮ್ಮಲ್ಲೂ ಸಾಲು ನಾಟಿಯ ಗದ್ದೆಯಲ್ಲಿ ಕೊನೊವೀಡರ್ ತಳ್ಳಿ ನಿಂತೇ ಕಳೆ ತೆಗೆಯಬಹುದು. 2018ರಲ್ಲಿ ಯೂರಿಯಾ ಚೀಲ 50ರಿಂದ 45 ಕಿಲೋಗೆ ಇಳಿದದ್ದು ಗೊಬ್ಬರದ ಬಳಕೆ ತಗ್ಗಿಸಲು. ಹೊರುವವರ ಬೆನ್ನಿಗೆ ಆದದ್ದು ಕೇಳದೆ ಬಂದ ಲಾಭ. ಇಷ್ಟಾಗಿಯೂ ಸೊಂಟ ನೋವು ಬಂದಾಗ ದಿನಗಟ್ಟಲೆ ಮಲಗುವುದಕ್ಕಿಂತ ಹಗುರ ಓಡಾಟ ಮೇಲು. ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಆಗಾಗ ಮೈ ನೆಟ್ಟಗೆ ಮಾಡುವುದು ಖರ್ಚಿಲ್ಲದ ಮದ್ದು. ಆದರೆ ಎಕರೆಗಿಷ್ಟು ಎಂಬ ಗುತ್ತಿಗೆಯಲ್ಲಿ ಬಿಡುವೆಂದರೆ ಕೂಲಿಗೆ ಖೋತಾ. ಗುತ್ತಿಗೆ ಮಾತಾಡುವಾಗಲೇ ಗಂಟೆಗೊಮ್ಮೆ ಬದುವಿಗೆ ಬರುವ ಹೊತ್ತನ್ನೂ ಗದ್ದೆಯ ಮಾಲೀಕರು ಲೆಕ್ಕಕ್ಕೆ ಹಿಡಿಯಲಿ.