ಟ್ರಂಕಿನ ಕಾಗದಕ್ಕೆ ಗಾಜಿನ ಕಾವಲು

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ಬೆಳಗಾವಿ, ಬಾಗಲಕೋಟೆ ಕಡೆಯ ಎಷ್ಟೋ ಊರುಗಳಲ್ಲಿ ನೀರು ಮನೆಯೊಳಗೇ ನುಗ್ಗಿತು. ಅಂಥ ಹೊತ್ತಿನಲ್ಲಿ ಜನ ಮಕ್ಕಳು ಮರಿ, ದನಕರು ದಾಟಿಸುತ್ತಾರೆಯೇ ಹೊರತು ಮೂಲೆಯ ಟ್ರಂಕು ಯಾರಿಗೆ ನೆನಪಾದೀತು? ಅಕ್ಕಿ ಬೇಳೆ ಮತ್ತೆ ಕೊಳ್ಳಬಹುದು. ಅಜ್ಜನ ಕ್ರಯಪತ್ರ, ಅವ್ವನ ಮದುವೆ ಫೋಟೋ ಯಾವ ಅಂಗಡೀಲಿ ಸಿಗುತ್ತೆ?

ನೆರೆಯೇ ಬರಬೇಕೆಂದಿಲ್ಲ. ಒಂದು ಗೆದ್ದಲು ಗೂಡು ಸಾಕು, ಒಂದು ಒಡೆದ ಹಂಚು ಸಾಕು. ಗಲ್ಲಾದಲ್ಲಿಟ್ಟ ಥರ್ಮಲ್ ಕಾಗದದ ಬಿಲ್ಲಂತೂ ವಾರಂಟಿ ಕೇಳಲು ಹೋಗುವ ಹೊತ್ತಿಗೆ ಖಾಲಿ ಹಾಳೆ! ಅಜ್ಜನ ಕಾಲದ ಕಪ್ಪು-ಬಿಳುಪು ಚಿತ್ರ ಗಟ್ಟಿಯಾಗಿರುತ್ತೆ, 1970-80ರ ಕಲರ್ ಫೋಟೋ ಕೆಂಪಡರಿ ಕೂತಿರುತ್ತೆ.

ಮದ್ದು ಮನೆಯಲ್ಲೇ ಇದೆ. ಈಗ ಎಷ್ಟೋ ಪ್ರಿಂಟರ್‌ಗಳ ನೆತ್ತಿಯ ಮೇಲೇ ಸ್ಕ್ಯಾನರ್ ಗಾಜು ಇರುತ್ತೆ. ಮಕ್ಕಳ ಮಾರ್ಕ್ಸ್‌ಕಾರ್ಡಿಗಷ್ಟೇ ಅದನ್ನು ತೆರೆಯುವವರೇ ಹೆಚ್ಚು.

ಮೊದಲು ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಪತ್ರಗಳಿಗೆ 300 ಡಿಪಿಐ ಸಾಕು, ಫೋಟೋಗೆ 600 ಇರಲಿ. ನಾಲ್ಕಕ್ಕೆ ಆರಿಂಚಿನ ಚಿತ್ರ 600ರಲ್ಲಿ ಸುಮಾರು 86 ಲಕ್ಷ ಚುಕ್ಕಿಗಳಾಗಿ ಕೂರುತ್ತದೆ. ಮುಂದೆ ದೊಡ್ಡದು ಮಾಡಿಸಿದರೂ ಮುಖ ಕೆಡದು. ಪತ್ರಗಳನ್ನು ಪಿಡಿಎಫ್ ಮಾಡಿ. ಫೋಟೋ ಟಿಫ್‌ನಲ್ಲಿದ್ದರೆ ಮೇಲು. ಜೆಪೆಗ್ ಅನ್ನು ತಿದ್ದಿ ತಿದ್ದಿ ಉಳಿಸಿದಷ್ಟೂ ಚಿತ್ರ ಸವೆಯುತ್ತೆ. ಅಂಟು ಆಲ್ಬಮ್ಮಿನ ಫೋಟೋ ಕಿತ್ತರೆ ಹರಿದೀತು, ಪುಟ ಸಮೇತ ಗಾಜಿನ ಮೇಲಿಡಿ.

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೇರೆ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನ ಮಗಳ ಮನೆಯಲ್ಲಿ. ಮೂರೂ ಒಂದೇ ಬೀರುವಿನಲ್ಲಿಟ್ಟರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿದವರು ಅಲ್ಲಿನ ಕಂಪ್ಯೂಟರಿನಿಂದ ತಮ್ಮ ಕಡತ ಅಳಿಸಿಯೇ ಹೊರಡಬೇಕು.

ಸ್ಕ್ಯಾನ್ ಆಯಿತೆಂದು ಮೂಲಪತ್ರ ಒಲೆಗೆ ಹಾಕೀರಿ ಜೋಕೆ! ಬ್ಯಾಂಕು, ಕೋರ್ಟು ಮೂಲಪತ್ರವನ್ನೇ ಕೇಳುತ್ತವೆ. 2015ರಲ್ಲಿ ಬಂದ ಡಿಜಿಲಾಕರ್‌ನಲ್ಲಿ ಇಲಾಖೆಯೇ ನೀಡಿದ ದಾಖಲೆಗೆ ಮೂಲದಷ್ಟೇ ಮಾನ್ಯತೆ ಉಂಟು. ಮನೆಯವರೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೆ ಅದಿಲ್ಲ. ಹಾಗಾದರೆ ಪ್ರಯೋಜನ? ಕ್ರಯಪತ್ರ ಕಳೆದ ದಿನ ನೋಂದಣಿ ನಂಬರು, ತಾರೀಖು, ಕಚೇರಿಯ ಹೆಸರು ಕೈಯಲ್ಲಿರುತ್ತೆ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ದೃಢೀಕೃತ ನಕಲು ಕೇಳಲು ಅದೇ ದಾರಿ. ಅದಿಲ್ಲದಿದ್ದರೆ ಎಷ್ಟು ವರ್ಷದ ಪುಸ್ತಕ ತಿರುವಿಸುವುದು?

ಯಾವ ಯಂತ್ರದ ಕೈಲೂ ಆಗದ ಕೆಲಸ ಇನ್ನೊಂದಿದೆ. ಫೋಟೋದ ಎರಡನೇ ಸಾಲಿನಲ್ಲಿ ಪೇಟ ಸುತ್ತಿ ನಿಂತವರು ಯಾರು? ಅದು ಮನೆಯ ಅಜ್ಜಿಗೆ ಗೊತ್ತು. ಕಂಪ್ಯೂಟರ್ ತಾನಾಗಿ ಇಡುವ ನಂಬರಿನ ಬದಲು ಕಡತಕ್ಕೆ ವರ್ಷ, ಊರು, ಹೆಸರು ಬರೆಯಬೇಕು. ಮೂಲಚಿತ್ರದ ಹಿಂದೆ ಪೆನ್ಸಿಲ್‌ನಿಂದ ಹಗುರವಾಗಿ ಬರೆದರೂ ಆದೀತು. ಪೆನ್ನು ಒತ್ತಿದರೆ ಗೀರು ಮುಖದ ಮೇಲೇ ಮೂಡುತ್ತೆ.

ಸ್ಕ್ಯಾನರ್ ನಾಳೆಯೂ ಅಂಗಡಿಯಲ್ಲಿ ಸಿಕ್ಕೀತು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಫಲವಿಲ್ಲ. ಈ ಭಾನುವಾರ ಟ್ರಂಕು ತೆರೆಯುವವರು ಗಾಜು ಒರೆಸುವ ಮುಂಚೆ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಳ್ಳಲಿ.