ದಮ್ಮಿನವರು ನಾಲ್ಕು ಮಂದಿ ಕೂಡಿದರೆ...

ಧಾರವಾಡದ ನಮ್ಮ ಓಣಿಯ ಅಜ್ಜಿಯೊಬ್ಬರಿಗೆ ನಾಲ್ಕು ಮೆಟ್ಟಿಲು ಏರಿದರೆ ಸಾಕು, ದಮ್ಮು ಹತ್ತುತ್ತದೆ. “ವಯಸ್ಸಾತಲ್ಲವಾ, ಇನ್ನ ಹಿಂಗ” ಎಂದು ಸೆರಗಿನಿಂದ ಬಾಯಿ ಮುಚ್ಚಿ ಕೆಮ್ಮುತ್ತಾರೆ. ಬೀಡಿ ಮುಟ್ಟಿದವರಲ್ಲ. ಆದರೆ ನಲವತ್ತು ವರ್ಷ ಹತ್ತಿಕಟ್ಟಿಗೆ, ಕುಳ್ಳಿನ ಒಲೆ ಊದಿ ರೊಟ್ಟಿ ಬಡಿದವರು. ಹೊಗೆ ಕಣ್ಣಿಗಷ್ಟೇ ಅಲ್ಲ, ಶ್ವಾಸಕೋಶಕ್ಕೂ ಇಳಿದಿತ್ತು.

ವೈದ್ಯರು ಇದಕ್ಕೆ ಸಿಓಪಿಡಿ ಎನ್ನುತ್ತಾರೆ. ಉಸಿರಿನ ನಾಳಗಳು ಕಿರಿದಾಗಿ, ಒಳಹೋದ ಗಾಳಿ ಪೂರ್ತಿ ಹೊರಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಇದರಿಂದ ಸತ್ತವರು ಸುಮಾರು 35 ಲಕ್ಷ ಮಂದಿ. ಪೂರ್ತಿ ವಾಸಿಯಾಗದ ರೋಗವಾದರೂ ಹತೋಟಿಯಲ್ಲಿಡಬಹುದು.

ಅಜ್ಜಿಗೆ ಡಾಕ್ಟರು ಇನ್ಹೇಲರ್ ಪಂಪು ಬರೆದುಕೊಟ್ಟು ವರ್ಷವಾಗಿತ್ತು, ಗುಣ ಕಾಣಲಿಲ್ಲ. ಒಂದು ಸಂಜೆ ಕಟ್ಟೆಯ ಮೇಲೆ ಅದೇ ಬೇನೆಯ ಇನ್ನೊಬ್ಬರು ನೋಡಿ, “ಅಯ್ಯ, ಮೊದಲ ಉಸುರು ಬಿಡ್ರಿ ಅಕ್ಕಾರ, ಆಮ್ಯಾಲೆ ಒತ್ತಿ ಸಾವಕಾಶ ಎಳಕೋರಿ” ಎಂದರು. ಔಷಧ ಇಷ್ಟು ದಿನ ಗಂಟಲಲ್ಲೇ ಉಳಿಯುತ್ತಿತ್ತು!

ಕಟ್ಟೆಯ ಮೇಲೆ ನಡೆದದ್ದನ್ನೇ ಆಸ್ಪತ್ರೆಯಲ್ಲಿ ನಡೆಸಿದರೆ ಅದು ಗುಂಪು ತಪಾಸಣೆ. ಒಂದೇ ಬೇನೆಯ ಕೆಲವರನ್ನು ಒಟ್ಟಿಗೆ ಕೂಡಿಸಿ, ವೈದ್ಯರು ಒಬ್ಬೊಬ್ಬರನ್ನೇ ನೋಡುತ್ತಾರೆ. ಉಳಿದವರು ಕೇಳಿ ಕಲಿಯುತ್ತಾರೆ. ಪುದುಚೇರಿಯ ಅರವಿಂದ ಕಣ್ಣಿನ ಆಸ್ಪತ್ರೆಯಲ್ಲಿ ಗ್ಲಾಕೋಮಾದ 1,000 ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿದಾಗ, ಗುಂಪಿನಲ್ಲಿದ್ದವರು ಹೆಚ್ಚು ಪ್ರಶ್ನೆ ಕೇಳಿದರು, ಹೆಚ್ಚು ತಿಳಿದುಕೊಂಡರು. ಒಬ್ಬರೇ ಹೋದಾಗ ಸಂಕೋಚದಿಂದ ನುಂಗಿಕೊಂಡ ಮಾತು, ನಾಲ್ವರ ನಡುವೆ ತಾನಾಗಿ ಹೊರಬರುತ್ತದೆ. ನಮ್ಮ ಹೆಂಗಸರಿಗೆ ಇದನ್ನು ಹೇಳಿಕೊಡಬೇಕೇ?

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇರಲಿ, ನಿಮ್ಮೂರಿನ ಆಸ್ಪತ್ರೆಯಿರಲಿ, “ನಾಲ್ಕು ಮಂದಿ ಕೂಡಿ ಬರ್ತೀವ್ರಿ, ಪಂಪು ಹಿಡಿಯೋದು ಒಮ್ಮೆ ತೋರಿಸ್ರಿ” ಎಂದು ಕೇಳಿ ನೋಡಿ. ಆದರೆ ಕೆಮ್ಮು ಎರಡು ವಾರ ಮೀರಿದ್ದರೆ ಮೊದಲು ಕಫ ಪರೀಕ್ಷೆಯಾಗಲಿ. ಕ್ಷಯವಿದ್ದರೆ ಗುಂಪಿನಲ್ಲಿ ಕೂರುವುದು ಸಲ್ಲದು.

ಮನೆಯಲ್ಲಿ ನೆನಪಿಡಬೇಕಾದದ್ದು:

ಉಸಿರು ಪೂರ್ತಿ ಬಿಟ್ಟು, ಪಂಪು ಬಾಯಲ್ಲಿಟ್ಟು, ಎಳೆದುಕೊಳ್ಳುತ್ತಲೇ ಒತ್ತಿ. ಹತ್ತು ಎಣಿಸುವ ತನಕ ಉಸಿರು ಹಿಡಿಯಿರಿ. ಆಮೇಲೆ ಬಾಯಿ ಮುಕ್ಕಳಿಸಿ.

ದಮ್ಮು ಹತ್ತಿದಾಗ ಮೂಗಿನಿಂದ ಎರಡು ಎಣಿಸುವಷ್ಟು ಎಳೆದು, ಬಿಸಿ ಹಾಲು ಆರಿಸುವಂತೆ ತುಟಿ ಕೂಡಿಸಿ ನಾಲ್ಕು ಎಣಿಸುವಷ್ಟು ಬಿಡಿ.

ಗ್ಯಾಸ್ ಬಂದರೂ ಎಷ್ಟೋ ಮನೆಗಳಲ್ಲಿ ಸ್ನಾನದ ನೀರಿಗೆ ಇನ್ನೂ ಹಂಡೆಯ ಒಲೆಯೇ. ಅದಕ್ಕೆ ಹೊಗೆಕೊಳವೆ ಹಾಕಿಸಿ. ದಮ್ಮಿನವರನ್ನು ಅತ್ತ ಕಳಿಸಬೇಡಿ.

ತುಟಿ ನೀಲಿಯಾದರೆ, ಒಂದು ಮಾತು ಪೂರೈಸಲಾಗದಷ್ಟು ಏದುಸಿರಾದರೆ, ಮನೆಮದ್ದು ಮಾಡುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಅಜ್ಜಿ ಈಗ ಸಂಜೆ ಓಣಿಯ ಕೊನೆಯವರೆಗೆ ನಡೆದು ಬರುತ್ತಾರೆ. “ಒಬ್ಬಾಕಿಗೇ ಆದದ್ದಲ್ಲ ಅಂತ ತಿಳೀತಲ್ಲವಾ, ಅರ್ಧ ದಮ್ಮು ಅಲ್ಲೇ ಇಳೀತು” ಎನ್ನುತ್ತಾರೆ.